ಬೆಳಗಿನ ಎಂಟು ಗಂಟೆ

1998ರ ಜನವರಿ. ಸಕಲೇಶಪುರದ ಕಡೆ ಕಾಫಿ ಕೊಯ್ಲು ನಡೆಯುತ್ತಿತ್ತು. ಕಣದಲ್ಲಿ ಹರವಿದ ಹಣ್ಣಿಗೆ ರಾತ್ರಿಯಿಡೀ ಬೆಂಕಿ ಹಾಕಿಕೊಂಡು ಕಾವಲು ಕೂರುತ್ತಿದ್ದ ಕಾಲ. ಒಂದು ತೋಟದಲ್ಲಿ ಮೂಟೆಗಳು ಕಾಣೆಯಾದವು. ಪೊಲೀಸರು ಕಾವಲಿನವನನ್ನೇ ಎತ್ತಿಕೊಂಡು ಹೋದರು. ಕತ್ತಲಾದ ಮೇಲೆ ಅವನ ಹೆಂಡತಿ ನನ್ನ ಸೀನಿಯರ್ ವಕೀಲರ ಮನೆಗೆ ಬಂದಳು. ಠಾಣೆಯಲ್ಲಿ "ಅಂಥೋರು ಯಾರೂ ಇಲ್ಲಿಲ್ಲ, ಮನೆಗೆ ಹೋಗಮ್ಮ" ಎಂದು ಅಟ್ಟಿದ್ದರಂತೆ. ಆದರೆ ಒಳಗಿನಿಂದ ಗಂಡ ಕೆಮ್ಮಿದ್ದು ಆಕೆಗೆ ಕೇಳಿಸಿತ್ತು.

ಸೀನಿಯರ್ ಕೆಲವು ಜೆರಾಕ್ಸ್ ಹಾಳೆಗಳನ್ನು ನನ್ನ ಕೈಗಿತ್ತು "ನಡಿ" ಎಂದರು. ಅದು ಡಿ.ಕೆ. ಬಸು ತೀರ್ಪು. ಪಶ್ಚಿಮ ಬಂಗಾಳದಲ್ಲಿ ಕಾನೂನು ನೆರವಿನ ಕೆಲಸ ಮಾಡುತ್ತಿದ್ದ ಬಸು ಅವರು 1986ರಲ್ಲಿ ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಜೊತೆಗಿಟ್ಟು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಕಾಗದ ಬರೆದಿದ್ದರು. ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. 1996ರ ಡಿಸೆಂಬರ್ 18ರಂದು ಬಂಧನದ ವೇಳೆ ಪಾಲಿಸಲೇಬೇಕಾದ 11 ಸೂಚನೆಗಳು ಹೊರಬಂದವು. ಇದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ನಮ್ಮ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರೂ ಒಬ್ಬರು. ಬಂಧಿಸುವ ಅಧಿಕಾರ ಕೈಯಲ್ಲಿದ್ದರೆ ಸಾಲದು, ಬಂಧಿಸಲು ತಕ್ಕ ಕಾರಣವೂ ಇರಬೇಕು ಎಂದು 1994ರ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಅವರು ಹೇಳಿದ್ದರು. ಆ ಮಾತು ನನಗೆ ಇವತ್ತಿಗೂ ದೊಡ್ಡದು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ನಮ್ಮನ್ನು ಕೂರಿಸಿ ಮಾತಾಡಿದರು.

"ಅರೆಸ್ಟೇ ಮಾಡಿಲ್ಲ ಸಾರ್, ವಿಚಾರಣೆಗೆ ಕರೆಸಿದೀವಿ."

"ಹಾಗಾದ್ರೆ ಈಗಲೇ ಮನೆಗೆ ಕರ್ಕೊಂಡು ಹೋಗ್ತೀವಿ."

"ಅದು ಹೇಗಾಗುತ್ತೆ ಸಾರ್?"

"ಬಿಡಲ್ಲ ಅಂದ್ರೆ ಅದು ಅರೆಸ್ಟು. ಅರೆಸ್ಟ್ ಮೆಮೊ ಕೊಡಿ."

ಸೀನಿಯರ್ ದನಿ ಏರಿಸಲಿಲ್ಲ. ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಮೆಮೊದಲ್ಲಿ ಬಂಧಿಸಿದ ದಿನ, ಹೊತ್ತು ಬರೆದಿರಬೇಕು. ಮನೆಯವರೋ ಊರಿನ ಗಣ್ಯರೋ ಸಾಕ್ಷಿಯಾಗಿ ಸಹಿ ಹಾಕಬೇಕು. ಪಾಲಿಸದಿದ್ದರೆ ಇಲಾಖಾ ಕ್ರಮದ ಜೊತೆಗೆ ನ್ಯಾಯಾಂಗ ನಿಂದನೆಯೂ ಆಗುತ್ತದೆ. ಈ ಕೊನೆಯ ಸಾಲಿನ ಬಳಿ ಸಬ್ ಇನ್ಸ್‌ಪೆಕ್ಟರ್ ಸ್ವಲ್ಪ ಹೊತ್ತು ನಿಂತರು. ಆಮೇಲೆ ರೈಟರನ್ನು ಕರೆದರು.

ಬಿಳಿ ಹಾಳೆ, ನಡುವೆ ಕಾರ್ಬನ್. ರೈಟರ್ ಹೊತ್ತಿನ ಜಾಗದಲ್ಲಿ ರಾತ್ರಿ ಒಂಬತ್ತು ಎಂದು ಬರೆದರು. ಸೀನಿಯರ್ ಅದನ್ನು ಗಟ್ಟಿಯಾಗಿ ಓದಿದರು. ಕಾವಲಿನವನ ಹೆಂಡತಿ ಶಾಯಿ ಹಚ್ಚಿದ್ದ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡಳು.

"ನಾನ್ ಒತ್ತಲ್ಲ ಸಾರ್. ಬೆಳಗ್ಗೆ ಎಂಟು ಗಂಟೆಗೇ ಜೀಪಿಗೆ ಹತ್ತಿಸ್ಕೊಂಡ್ ಬಂದವ್ರೆ. ಕಣದಲ್ಲಿದ್ದೋರೆಲ್ಲ ನೋಡವ್ರೆ."

ರೈಟರ್ ಗದರಿದರು. ಆಕೆ ಕದಲಲಿಲ್ಲ. ಓದು ಬಾರದ ಆ ಹೆಣ್ಣುಮಗಳು ಇಡೀ ತೀರ್ಪಿನ ಜೀವ ಎಲ್ಲಿದೆಯೋ ಅಲ್ಲೇ ಕೈಯಿಟ್ಟಿದ್ದಳು. ಕಡೆಗೆ ಒಂಬತ್ತನ್ನು ಹೊಡೆದು ಬೆಳಗಿನ ಎಂಟು ಎಂದು ತಿದ್ದಿದರು. ಪಕ್ಕದಲ್ಲಿ ಸಬ್ ಇನ್ಸ್‌ಪೆಕ್ಟರ್ ಚಿಕ್ಕ ಸಹಿ ಹಾಕಿದರು. ಆಕೆ ಹೆಬ್ಬೆಟ್ಟು ಒತ್ತಿದಳು. ಗಂಡನನ್ನು ಹೊರಗೆ ಕರೆತಂದಾಗ ಗೋಡೆ ಹಿಡಿದು ನಡೆಯುತ್ತಿದ್ದ, ಅಂಗಾಲು ಊದಿತ್ತು. ಮೈಮೇಲಿನ ಗಾಯವನ್ನು ಬರೆದು ಬಂಧಿತನೂ ಬಂಧಿಸಿದ ಅಧಿಕಾರಿಯೂ ಸಹಿ ಮಾಡಬೇಕೆಂಬ ಸೂಚನೆಯೂ ಅದೇ ಪಟ್ಟಿಯಲ್ಲಿತ್ತು. ಅದನ್ನೂ ಬರೆಸಿದೆವು.

ಅರೆಸ್ಟ್ ಮೆಮೊ ಮುಂದೆ ದಂಡ ಪ್ರಕ್ರಿಯಾ ಸಂಹಿತೆಗೆ 41ಬಿ ಕಲಮಾಗಿ ಸೇರಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 36ನೇ ಕಲಂ. ಈಗಿನ ಹುಡುಗ ವಕೀಲರಿಗೆ ಅದು ಮೊದಲಿಂದಲೂ ಇದ್ದ ಕಾನೂನಿನಂತೆ ಕಾಣುತ್ತದೆ. ಹಾಗಲ್ಲ. ಲಾಕಪ್ಪಿನಲ್ಲಿ ಸತ್ತವರ ಸುದ್ದಿ ಓದಿ ಒಬ್ಬರು ಸುಮ್ಮನೆ ಕೂರಲಾರದೆ ಬರೆದದ್ದರಿಂದ ಅದು ಬಂತು.

ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುವುದು ಸಂವಿಧಾನದ 22ನೇ ವಿಧಿ. ಮೆಮೊದಲ್ಲಿ ಬೆಳಗಿನ ಎಂಟು ಎಂದಿದ್ದರಿಂದ ಮರುದಿನ ಕೋರ್ಟು ತೆರೆಯುವವರೆಗೂ ಕಾಯುವಂತಿರಲಿಲ್ಲ; ಬೆಳಗಾಗುತ್ತಲೇ ಪೊಲೀಸರು ಕಾವಲಿನವನನ್ನು ಮ್ಯಾಜಿಸ್ಟ್ರೇಟರ ಮನೆಗೇ ಕರೆತಂದರು. ಅವರು ಮೆಮೊ ಓದಿ, ಅಂಗಾಲು ನೋಡಿ, ಮೊದಲು ಆಸ್ಪತ್ರೆಗೆ ಕಳಿಸಿದರು. ಆಮೇಲೆ ಜಾಮೀನೂ ಆಯಿತು. ಹಾಳೆಯಲ್ಲಿ ರಾತ್ರಿ ಒಂಬತ್ತು ಎಂದೇ ಉಳಿದಿದ್ದರೆ ಪೊಲೀಸರು ಆತನನ್ನು ಇನ್ನೂ ಹದಿಮೂರು ಗಂಟೆ ಅದೇ ಕೋಣೆಯಲ್ಲಿ ಇಟ್ಟುಕೊಳ್ಳಬಹುದಿತ್ತು.