ಹಸಿ ಗುಡ್ಡ, ಹತ್ತಾರು ಗಾಲಿ

ಬಳ್ಳಾರಿಯವರಿಗೆ ಮಳೆ ಕಂಡರೆ ಆಸೆ. ವರ್ಷಕ್ಕೆ ಹೆಚ್ಚೂಕಡಿಮೆ 500 ಮಿಲಿಮೀಟರ್ ಸುರಿದರೆ ಅದೇ ನಮ್ಮ ಪಾಲು. ಹೀಗಾಗಿ ರಾತ್ರಿ ನಾಲ್ಕು ಹನಿ ಬಿದ್ದರೆ ಸಾಕು, ಸತ್ಯನಾರಾಯಣಪೇಟೆಯ ನಮ್ಮ ಸೈಕಲ್ ಗೆಳೆಯರಲ್ಲಿ ಫೋನು ಶುರುವಾಗುತ್ತದೆ: "ಅಣ್ಣಾ, ಸಂಡೂರ ಕಡೆ ಮೋಡ ಇಳದೈತಿ. ಹೋಗಾಮೇನು?" ನಸುಕಿನಲ್ಲೇ ಜೀಪಿನ ಮೇಲೆ ಸೈಕಲ್ ಕಟ್ಟಿ ತೋರಣಗಲ್ಲಿನ ದಾರಿ ಹಿಡಿಯುತ್ತೇವೆ.

ಊರ ನಡುವೆಯೇ ಗುಡ್ಡ ಇರುವಾಗ ಅಷ್ಟು ದೂರ ಏಕೆ ಎಂದು ಕೇಳುವವರುಂಟು. ಬಳ್ಳಾರಿ ಗುಡ್ಡ ಬರೀ ಬಂಡೆ. ಅಲ್ಲಿ ಮೆಟ್ಟಿಲು ಹತ್ತುವವರದೇ ರಾಜ್ಯ. ಕುರುಗೋಡು, ಸಿರುಗುಪ್ಪದ ಕಡೆ ಹೋದರೆ ಎರೆ ಭೂಮಿ. ಆ ಜೇಡಿ ನೀರು ಕುಡಿದು ಉಬ್ಬುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿಗೆ ಮೆತ್ತಿ, ಫೋರ್ಕಿನ ಸಂದು ತುಂಬಿ, ಗಾಲಿ ತಿರುಗದೆ ನಿಂತುಬಿಡುತ್ತದೆ. ಹಸಿ ಎರೆಯಲ್ಲಿ ರೈತರು ಗಾಡಿ ಹೂಡುವುದಿಲ್ಲ. ನಾವೂ ಅಲ್ಲಿಗೆ ಸೈಕಲ್ ಇಳಿಸಬಾರದು. ಹಸಿಯಲ್ಲಿ ಬಿದ್ದ ಜಾಡು ಒಣಗಿ ಗಟ್ಟಿಯಾದರೆ ಹೊಲಕ್ಕೆ ಹೋಗುವ ದನಕರುಗಳ ಕಾಲಿಗೆ ಕೇಡು.

ಸಂಡೂರಿನ ನೆಲದ ಗುಣವೇ ಬೇರೆ. ಅಲ್ಲಿರುವುದು ಹೆಮಟೈಟ್, ಕಬ್ಬಿಣದ ಅದಿರು. ಇಳಿಜಾರಿನಲ್ಲಿ ಕೆಂಪು ನೀರು ಬೇಗ ಹರಿದು ನೆಲ ಗಟ್ಟಿಯಾಗಿಯೇ ಉಳಿಯುತ್ತದೆ. ಅಪಾಯ ಅದರ ಮೇಲೆ ಬಿದ್ದ ಸಣ್ಣ ಹರಳಿನದು: ಕಣದಲ್ಲಿ ಹರವಿದ ಜೋಳದ ಕಾಳಿನ ಮೇಲೆ ಕಾಲಿಟ್ಟಂತೆ, ಗಾಲಿ ಎತ್ತ ಹೋದೀತೆಂದು ಹೇಳಲಾಗದು. ಜೊತೆಗೆ ಪಾಚಿ ಕಟ್ಟಿದ ಕಲ್ಲು, ದಾರಿಗೆ ಅಡ್ಡವಾಗಿ ಹೊರಬಂದ ಬೇರು.

ಅಪಾಯವಿದ್ದರೂ ಈ ಗುಡ್ಡಗಳ ಚೆಲುವು ದೊಡ್ಡದು. ಗಾಂಧೀಜಿ 1934ರಲ್ಲಿ ಸಂಡೂರಿಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂಬ ಮಾತು ಅವರ ಹೆಸರಿನಲ್ಲಿ ಇಂದಿಗೂ ಇಲ್ಲಿ ಓಡಾಡುತ್ತಿದೆ. ಆದರೆ ಬಳ್ಳಾರಿ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಲಾರಿಗಳ ಕೆಂಪು ಧೂಳು, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದ ಸುದ್ದಿ. ಮಳೆಗಾಲದಲ್ಲಿ ಕುಮಾರಸ್ವಾಮಿ ದೇವಸ್ಥಾನದ ಬೆಟ್ಟದ ಕಡೆ ಒಮ್ಮೆ ಬಂದವರು ಆ ಹಸಿರನ್ನು ಮರೆಯಲಾರರು. ನಮ್ಮ ಊರಿನ ಹುಡುಗರು ಈ ಗುಡ್ಡಗಳನ್ನು ಅದಿರಿನ ಲೆಕ್ಕದಲ್ಲಿ ಮಾತ್ರ ತಿಳಿದು ಬೆಳೆಯಬಾರದು ಎಂಬುದು ನನ್ನ ಹಂಬಲ.

ಗುಡ್ಡದಲ್ಲಿ ಓಡಿಸುವ ಇಂಥ ಸೈಕಲ್ಲುಗಳ, ಅಂದರೆ ಮೌಂಟನ್ ಬೈಕುಗಳ, ಕಥೆ ಶುರುವಾದದ್ದು ಒಣ ಗುಡ್ಡದಲ್ಲಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿ ಗೆಳೆಯರ ಗುಂಪೊಂದು ಹಳೆಯ ಸೈಕಲ್ಲುಗಳಲ್ಲಿ ಇಳಿಜಾರಿನ ಪಂದ್ಯ ಹೂಡಿತು. ಬ್ರೇಕ್ ಎಷ್ಟು ಕಾಯುತ್ತಿತ್ತೆಂದರೆ ಹಬ್ಬಿನೊಳಗಿನ ಗ್ರೀಸೇ ಸುಟ್ಟುಹೋಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸ್ ತುಂಬಬೇಕಾಗುತ್ತಿದ್ದುದರಿಂದ ಆ ಪಂದ್ಯಕ್ಕೆ 'ರೀಪ್ಯಾಕ್' ಎಂದೇ ಹೆಸರಾಯಿತು. ಇಪ್ಪತ್ತು ವರ್ಷ ಕಳೆದು, 1996ರಲ್ಲಿ, ಮೌಂಟನ್ ಬೈಕಿನ ಆಟ ಒಲಿಂಪಿಕ್ಸ್ ಸೇರಿತು. ರೀಪ್ಯಾಕ್ ಗೆಳೆಯರದು ಗಡಿಯಾರದೊಂದಿಗೆ ಓಟ. ಹಸಿ ಗುಡ್ಡದಲ್ಲಿ ಗಡಿಯಾರ ಕೆಲಸಕ್ಕೆ ಬಾರದು.

ಇಲ್ಲಿ ಮುಂದಿನವನ ಕಣ್ಣೇ ಹಿಂದಿನವನಿಗೆ ದಾರಿ. ಇಳಿಜಾರು ಬಂತೆಂದರೆ ಮುಂದಿನವನು ಸೈಕಲ್ ಮಲಗಿಸಿ, ನಡೆದು ನೋಡಿ ಬರುತ್ತಾನೆ. ಎಲ್ಲರೂ ಟೈರಿನಿಂದ ಒಂದಿಷ್ಟು ಗಾಳಿ ಬಿಡುತ್ತಾರೆ. ಮೆತ್ತಗಾದ ಟೈರು ನೆಲವನ್ನು ಹೆಚ್ಚು ಹಿಡಿಯುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಇಳಿಯುವುದು. ಪೆಡಲ್ ಎರಡೂ ಸಮ, ಸೊಂಟ ಹಿಂದಕ್ಕೆ, ನೋಟ ದೂರಕ್ಕೆ. ಬ್ರೇಕ್ ಹಿಡಿಯುವುದೇನಿದ್ದರೂ ಕಲ್ಲಿಗಿಂತ ಮೊದಲು. ಒದ್ದೆ ಕಲ್ಲಿನ ಮೇಲೆ ಮುಂದಿನ ಬ್ರೇಕ್ ಒತ್ತಿದರೆ ನೆಲಕ್ಕೆ ಬಿದ್ದಂತೆಯೇ. ಬೇರನ್ನು ಓರೆಯಾಗಿ ದಾಟಿದರೆ ಗಾಲಿ ಜಾರುತ್ತದೆ. ಅದಕ್ಕೇ ಮುಂದಿನಿಂದ ಕೂಗು ಬರುತ್ತದೆ: "ಬೇರು ಐತಿ, ನೆಟ್ಟಗ ಹಾಯಿರಿ!" ಅದು ಬಾಯಿಂದ ಬಾಯಿಗೆ ಸಾಗಿ ಕೊನೆಯವನ ತನಕ ಮುಟ್ಟುತ್ತದೆ.

ಕೂಗಿಗೆ ಇನ್ನೊಂದು ಉಪಯೋಗವೂ ಇದೆ. ಇದು ಕರಡಿಗಳ ಸೀಮೆ. ದರೋಜಿಯ ಕರಡಿಧಾಮ 1994ರಿಂದ ಇದೆ, ಸುತ್ತಲ ಗುಡ್ಡಗಳಲ್ಲೂ ಅವುಗಳ ಓಡಾಟವಿದೆ. ಎದುರಾಬದುರು ಬಂದು ಅವನ್ನು ಬೆದರಿಸುವುದಕ್ಕಿಂತ ದೂರದಿಂದಲೇ ಸದ್ದು ಮಾಡುತ್ತಾ ಬರುವುದು ಮೇಲು. ಬಿಸಿಲೇರಿದ ಮೇಲೆಯೇ ಗುಡ್ಡ ಹತ್ತುತ್ತೇವೆ. ಅರಣ್ಯ ಇಲಾಖೆಯವರು ಬೇಡವೆಂದ ದಾರಿಗೆ ಇಳಿಯುವುದಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗ ಬರುವುದು ಕೊನೆಗೆ. ಪಂಪು, ಟ್ಯೂಬು, ಚೈನಿನ ಕೊಂಡಿ ಎಲ್ಲ ಅವನ ಚೀಲದಲ್ಲಿ. ಹೊಸ ಹುಡುಗ ಕಡಿದಾದ ಕಡೆ ಹಿಂಜರಿದರೆ, "ಇಳದು ನಡಿ ತಮ್ಮಾ, ಅದಕ್ಕೇನಾತು?" ಎನ್ನುವವನೂ ಅವನೇ. ಆ ಒಂದು ಮಾತಿನಿಂದ ಎಷ್ಟೋ ಮೂಳೆ ಉಳಿದಿವೆ, ಎಷ್ಟೋ ಹುಡುಗರು ಮತ್ತೆ ಬಂದಿದ್ದಾರೆ.

ಪೇಟೆಯ ಮನೆಗಳಲ್ಲಿ ಗೇರ್ ಸೈಕಲ್ಲುಗಳು ಧೂಳು ಹಿಡಿದು ನಿಂತಿರುವುದನ್ನು ನೋಡುತ್ತೇನೆ. ಸೈಕಲ್ ದುಬಾರಿಯದೇ ಆಗಬೇಕಿಲ್ಲ. ಬ್ರೇಕ್ ಹಿಡಿಯಬೇಕು, ತಲೆಗೆ ಹೆಲ್ಮೆಟ್ ಇರಬೇಕು. ಕಲ್ಲು ಕಂಡವರು ಕೂಗಬೇಕು, ಕೇಳಿದವರು ಹಿಂದಿನವರಿಗೆ ಮುಟ್ಟಿಸಬೇಕು, ಕೊನೆಯವರು ಬರುವ ತನಕ ಎಲ್ಲರೂ ಕಾಯಬೇಕು. ಇಷ್ಟಕ್ಕೆ ಒಪ್ಪುವುದಾದರೆ ಮುಂದಿನ ಮಳೆಗೆ ನೀವೂ ಬನ್ನಿ.