ಲಕ್ಕಸಂದ್ರದಾಗೆ ಸಿಕ್ಕ ಅಕ್ಕ

ಮೊನ್ನೆ ಪಕ್ಕದ್ಮನಿ ಹುಡುಗಿ ಬಂದು, "ಅಕ್ಕಾರೆ, ಹೋದ್ ವರ್ಷ ಕೊಯ್ಲಿನ ಟೈಮ್ನಾಗೆ ಒಬ್ರೇ ಬೆಂಗಳೂರಿಗೆ ಹೋಗಿದ್ರಲ್ಲ, ಯಾರ ಸೀಮಂತ ಅದು?" ಅಂತ ಕೇಳಿದ್ಲು. ನಕ್ಕು ಸುಮ್ಮನಾದೆ. ಯಾರ ಸೀಮಂತನೂ ಇರ್ಲಿಲ್ಲ ಕಣ್ರೀ. ಸುಳ್ಳು ಹೇಳಿ ಹೋಗಿದ್ದೆ. ಇವತ್ತು ಎಲ್ಲಾರಿಗೂ ಹೇಳೇ ಬಿಡ್ತೀನಿ.

ದೀಪಾವಳಿಗೆ ಒಂದು ತಿಂಗಳು ಮುಂಚೆ ಎಣ್ಣಿ ಹಚ್ಕೊಂಡು ಸ್ನಾನ ಮಾಡೋವಾಗ ಎಡಗಡೆ ಎದಿಯಾಗೆ ಒಂದು ಗಂಟು ಕೈಗೆ ಸಿಕ್ತು. ಹುಣಸೆ ಬೀಜದಷ್ಟು. ನೋವಿಲ್ಲ, ಏನಿಲ್ಲ. ನೋವಿಲ್ದಿದ್ದೇ ನನಗೆ ಹೆದರಿಕಿ. ನಮ್ಮ ದೊಡ್ಡತ್ತಿ ಇಂಥದ್ದೇ ಗಂಟನ್ನ ಸೆರಗಿನಾಗೆ ಮುಚ್ಚಿಟ್ಕೊಂಡು, ಹೇಳೋ ಹೊತ್ತಿಗೆ ಕೈ ಮೀರಿ ಹೋಗಿತ್ತು. ಅದನ್ನ ಕಣ್ಣಾರೆ ಕಂಡೋಳು ನಾನು. ಆದ್ರೂ ಒಂದೂವರೆ ತಿಂಗಳು ನಾನೂ ಮುಚ್ಚಿಟ್ಟೆ ನೋಡ್ರಿ! ಸೆಕೆಂಡ್ ಪಿಯುಸಿ ತನಕ ಓದಿದ್ದು ಯಾಕೂ ಉಪಯೋಗಕ್ಕೆ ಬರ್ಲಿಲ್ಲ.

ದಾವಣಗೆರೆಯಾಗೆ ತೋರಿಸಬೋದಿತ್ತು. ಆದ್ರೆ ಅಲ್ಲಿ ಯಾವ ಆಸ್ಪತ್ರಿ ಬಾಕಲಿಗೆ ಹೋದ್ರೂ ಮಲೆಬೆನ್ನೂರಿನೋರು ಒಬ್ರಾದ್ರೂ ಕುಂತಿರ್ತಾರೆ. "ಏನ್ರಿ ಇಲ್ಲಿ?" ಅಂದ್ರೆ ಸಂಜಿಗೆ ಊರ ತುಂಬ ಸುದ್ದಿ. ಮಗಳಿಗೆ ಗಂಡು ನೋಡೋ ಹೊತ್ತು ಬೇರೆ. ಅದಕ್ಕೇ ಬೆಂಗಳೂರಿನ ಕಿದ್ವಾಯಿ ಆಸ್ಪತ್ರಿಗೇ ಹೋಗೋದು ಅಂತ ಗಟ್ಟಿ ಮಾಡ್ದೆ. ಬಸ್ಸಿಗೆ ಚಿಂತಿಲ್ಲ. 2023ರ ಜೂನ್‌ನಾಗೆ ಶಕ್ತಿ ಯೋಜನೆ ಬಂದ್ಮ್ಯಾಲೆ ಆಧಾರ್ ಕಾರ್ಡ್ ತೋರಿಸಿದ್ರೆ ಕೆಂಪು ಬಸ್ಸಿನಾಗೆ ನಮಗೆ ದುಡ್ಡಿಲ್ಲ. ಗೃಹಲಕ್ಷ್ಮಿ ಎರಡು ಸಾವಿರ ಮೂರು ತಿಂಗಳದ್ದು ಬ್ಯಾಂಕಿನಾಗೆ ಹಂಗೇ ಇತ್ತು. ಗಂಡನ್ನ ಕೇಳಂಗಿಲ್ಲ, ಮಗನ್ನ ಕೇಳಂಗಿಲ್ಲ. ಹಿಂದಿನ ಕಾಲದಾಗೆ ನಮ್ಮ ದೊಡ್ಡತ್ತಿ ಕೈಯಾಗೆ ಅಷ್ಟು ದುಡ್ಡು ಇದ್ದಿದ್ರೆ ಅಂತ ಎಷ್ಟೋ ಸಲ ಅನ್ಸೈತಿ.

ನಮ್ಮನೆಯೋರು ಭತ್ತದ ಕೊಯ್ಲು ಮಿಷನ್ ಹಿಂದೆ ಓಡಾಡ್ತಿದ್ರು. "ಚಿಕ್ಕಮ್ಮನ ಮೊಮ್ಮಗಳ ಸೀಮಂತ, ನಾಕು ದಿನ ಇದ್ದು ಬರ್ತೀನಿ" ಅಂದೆ. ತಲಿ ಎತ್ತದೇ "ಹೂಂ" ಅಂದ್ರು. ಹದಿನೈದು ಕಟಗ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಕೊಂಡು ಹರಿಹರದಾಗೆ ಬೆಂಗಳೂರು ಬಸ್ ಹತ್ತಿದೆ. ಜೀವನದಾಗೆ ಒಬ್ಬಾಕೀನೇ ಅಷ್ಟು ದೂರ ಹೋಗಿದ್ದು ಅದೇ ಮೊದ್ಲು.

ಆಸ್ಪತ್ರಿ ಹತ್ರ ಇಳಿದು ರೂಮ್ ಹುಡುಕೋಕೆ ಹೊಂಟೆ. ಮೊದಲ್ನೇ ಲಾಡ್ಜಿನಾಗೆ ಕುಂತಿದ್ದ ಹುಡುಗ ನನ್ನ ಮ್ಯಾಲಿಂದ ಕೆಳಗೆ ನೋಡಿ, "ಒಬ್ರೇನಾ? ಗಂಡಸ್ರು ಯಾರೂ ಇಲ್ವಾ? ಸಿಂಗಲ್ ಲೇಡೀಸ್‌ಗೆ ಕೊಡಲ್ಲ" ಅಂದ. ನನಗೆ ಐವತ್ತನಾಕು ವರ್ಷ ಕಣಪ್ಪಾ ಅನ್ನೋಣ ಅನ್ಸಿತು. ಬಾಯಿ ಬರ್ಲಿಲ್ಲ. ಎರಡನೇದ್ರಾಗೂ ಅದೇ ಮಾತು. ಚೀಲ ಹೊತ್ಕೊಂಡು ಫುಟ್‌ಪಾತ್ ಮ್ಯಾಲೆ ನಿಂತಾಗ ಕಣ್ಣಾಗೆ ನೀರು ಬಂತು. ಊರಿಗೆ ವಾಪಸ್ ಹೋಗಿಬಿಡ್ಲೇನು ಅನ್ನೋ ತನಕ ಬಂದಿದ್ದೆ.

ಎಲೆ ಅಡಿಕೆ ಮಾರೋ ಅಜ್ಜ ಒಬ್ರು, "ಲಕ್ಕಸಂದ್ರದ ಒಳಗಡೆ ಗಲ್ಲಿಗೆ ಹೋಗಮ್ಮ, ಆಸ್ಪತ್ರೆಗೆ ಬರೋರಿಗೆ ರೂಮ್ ಕೊಡ್ತಾರೆ" ಅಂತ ದಾರಿ ತೋರಿಸಿದ್ರು. ಅಂಗಡಿ ಮ್ಯಾಲೆ ಆರು ರೂಮು, ಕಡಿದಾದ ಮೆಟ್ಲು. ನಡೆಸೋರು ಅರವತ್ತು ದಾಟಿದ ಒಬ್ಬ ಅಕ್ಕ, ಕೋಲಾರದ ಕಡೆಯೋರು. "ಒಬ್ರೇ ಬಂದ್ರಾ?" ಅಂತ ಅವರೂ ಕೇಳಿದ್ರು. ಆದ್ರೆ ಕೇಳಿದ್ದು ಬ್ಯಾರೆ ತರ. ಕೇಳ್ತಾನೇ ನನ್ನ ಚೀಲ ಇಸ್ಕೊಂಡ್ರು. ದಿನಕ್ಕೆ ನಾನ್ನೂರು, ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು, ರೂಮ್ನಾಗೆ ಒಲಿ ಹಚ್ಚಂಗಿಲ್ಲ. ಮಂಚ, ಕಂಬಳಿ, ಒಂದು ಬಕೀಟು, ಅಷ್ಟೇ. ಆದ್ರೆ ಹಾಸಿಗಿ ಬಟ್ಟಿ ಬಿಸಲಾಗೆ ಒಣಗಿದ ವಾಸನಿ ಬರ್ತಿತ್ತು.

ರಾತ್ರಿ ರೊಟ್ಟಿ ಬಿಚ್ಕೊಂಡು ಕುಂತೆ, ಗಂಟಲಾಗೆ ಇಳೀಲಿಲ್ಲ. ಬಾಗ್ಲು ಬಡಿದಂಗಾತು. "ಊಟ ಆಯ್ತಾಮ್ಮಾ?" ಆತು ಅಂದೆ. ನನ್ನ ಮುಂದೆ ಮುರೀದೇ ಇಟ್ಟಿದ್ದ ರೊಟ್ಟಿ ನೋಡಿ, "ಸುಳ್ಳು ಹೇಳ್ಬೇಡಿ, ಕೆಳಗೆ ಬನ್ನಿ" ಅಂದ್ರು. ಅವರ ಅಡಿಗಿಮನಿಯಾಗೆ ನೆಲದ ಮ್ಯಾಲೆ ಕುಂದ್ರಿಸಿ ರಾಗಿ ಮುದ್ದೆ, ಬಸ್ಸಾರು ಬಡಿಸಿದ್ರು. ನಮ್ದು ರೊಟ್ಟಿ ಬಾಯಿ ನೋಡ್ರಿ, ನಾನು ಮುದ್ದಿನ ಅಗೀತಾ ಕುಂತೆ. "ಅಯ್ಯೋ, ಅಗೀಬಾರ್ದಮ್ಮ, ನುಂಗ್ಬೇಕು!" ಅಂತ ಆ ಅಕ್ಕ ಬಿದ್ದು ಬಿದ್ದು ನಕ್ರು. ನನಗೂ ನಗು ಬಂತು. ನಕ್ಕ ಹಿಂದೇನೇ ಅಳು. ಎಲ್ಲಾನೂ ಹೇಳಿಬಿಟ್ಟೆ. ಒಡಹುಟ್ಟಿದ ತಂಗಿಗೆ ಹೇಳ್ದೇ ಇದ್ದದ್ದನ್ನ, ಹೆಸರೂ ಗೊತ್ತಿಲ್ದ ಹೆಂಗಸಿಗೆ.

ಅವರು ಸಮಾಧಾನ ಗಿಮಾಧಾನ ಮಾಡ್ಲಿಲ್ಲ. ನನ್ನ ಕೈ ಹಿಡಿದು ಅವರ ಸೆರಗಿನ ಮ್ಯಾಲೆ ಇಟ್ಕೊಂಡ್ರು. ಒಂದು ಕಡೆ ಸಪಾಟು. "ನಾನೂ ಅದೇ ಲೈನಲ್ಲಿ ನಿಂತೋಳೇ. ಹದಿನಾಲ್ಕು ವರ್ಷ ಆಯ್ತು, ಇವತ್ತಿಗೂ ಮುದ್ದೆ ತಿರುವ್ತಾ ಇದೀನಿ ನೋಡಿ. ಹೆದರಿಕೆ ಇರ್ಲಿ, ಪರ್ವಾಗಿಲ್ಲ. ಹೆದರ್ಕೊಂಡೇ ತೋರಿಸಿ."

ಮಾರನೇ ದಿನ ಬೆಳಗಿನ ಜಾವ ಚೀಟಿ ಮಾಡ್ಸೋಕೆ ಹೊಂಟಾಗ ಶಾಲು ಹೊದ್ಕೊಂಡು ಅವರೂ ಮೆಟ್ಲಾಗೆ ನಿಂತಿದ್ರು. ಯಾವ ಕೌಂಟರು, ಯಾವ ರೂಮು, ಎಲ್ಲಿ ನಿಂದ್ರಬೇಕು, ಎಲ್ಲಾ ಅವರಿಗೆ ಪಾಠ ಆಗಿತ್ತು. ಮ್ಯಾಮೋಗ್ರಾಂ ಆತು, ಸೂಜಿ ಹಾಕಿ ಪರೀಕ್ಷೆಗೆ ತಗೊಂಡ್ರು. ಗುರುವಾರ ಬರ್ರಿ ಅಂದ್ರು.

ನಡುವಿನ ದಿನ ಹೆಂಗ್ ಕಳೀತು ಅಂತೀರಿ? ಅವರ ಜೊತಿಗೆ ಅವರೆಕಾಯಿ ಬಿಡಿಸ್ದೆ, ಸೊಪ್ಪು ಸೋಸ್ದೆ. ಪಕ್ಕದ ರೂಮ್ನಾಗೆ ರಾಯಚೂರು ಕಡೆ ತಾಯಿ ಮಗಳು ಇದ್ರು. ನನ್ನ ರೊಟ್ಟಿ ನೋಡಿ ಆ ತಾಯಿಗೆ ಜೀವ ಬಂದಂಗಾತು. ನಾಕೂ ಮಂದಿ ಒಂದೇ ತಟ್ಟಿಯಾಗೆ ಮುದ್ದಿ, ರೊಟ್ಟಿ, ಚಟ್ನಿಪುಡಿ ಹಚ್ಕೊಂಡು ತಿಂದ್ವಿ.

ಗುರುವಾರ ರಿಪೋರ್ಟ್ ಬಂತು. ನಂದು ಕೆಟ್ಟ ಗಂಟಲ್ಲ. ಆರು ತಿಂಗಳಿಗೆ ಒಮ್ಮೆ ತೋರಿಸ್ರಿ ಅಂದ್ರು. ಅದೇ ದಿನ ಆ ರಾಯಚೂರಿನ ಹುಡುಗೀಗೂ ಬಂತು. ಆಕಿಗೆ ಇಪ್ಪತ್ತೊಂಬತ್ತು. ಆಕಿದು ಒಳ್ಳೇದಿರ್ಲಿಲ್ಲ. ನನಗೆ ಖುಷಿ ಪಡೋಕೂ ನಾಚಿಕಿ ಆತು. ಉಳಿದ ರೊಟ್ಟಿ ಎಲ್ಲಾ ಅವರ ರೂಮ್ನಾಗೆ ಇಟ್ಟು ಬಂದೆ. ಮತ್ತೇನು ಮಾಡೋಕಾಗ್ತಿತ್ತು?

ಹೊಂಡೋವಾಗ ಮೂರು ರಾತ್ರಿಗೆ ಸಾವಿರದಿನ್ನೂರು, ಮ್ಯಾಲೆ ಐನೂರು ಕೊಟ್ಟೆ. ಅಕ್ಕ ಎಣಿಸಿ ಐನೂರು ವಾಪಸ್ ಕೊಟ್ರು. "ಬಾಡಿಗೆ ಬಾಡಿಗೆನೇ, ತಗೋತೀನಿ. ಊಟಕ್ಕೆ ದುಡ್ಡು ತಗೊಂಡ್ರೆ ಅದು ಹೋಟ್ಲಾಗುತ್ತೆ. ಆ ಪುಡಿ ಡಬ್ಬಿ ಬೇಕಾದ್ರೆ ಬಿಟ್ಟು ಹೋಗಿ."

ಮನಿಗೆ ಬಂದು ರಾತ್ರಿ ನಮ್ಮನೆಯೋರಿಗೆ ನಿಜ ಹೇಳ್ದೆ. ಬೈತಾರೇನೋ ಅನ್ಕಂಡಿದ್ದೆ. ಬಾಳ ಹೊತ್ತು ಸುಮ್ನೆ ಕುಂತಿದ್ದು, "ನನಗೆ ಹೇಳಿದ್ರೆ ಕೊಯ್ಲು ಮಿಷನ್ ಒಂದಿನ ನಿಂತಿರದು. ಅಷ್ಟೇ ಅಲ್ಲೇನು?" ಅಂದ್ರು. ಆ ಮಾತು ಬೈದಿದ್ದಕ್ಕಿಂತ ಜಾಸ್ತಿ ನಾಟ್ತು. ಆರು ತಿಂಗಳ ಮ್ಯಾಲೆ ತೋರ್ಸೋಕೆ ಇಬ್ರೂ ಹೋಗಿದ್ವಿ. ಅದೇ ಗಲ್ಲಿ, ಅದೇ ಮೆಟ್ಲು. ಅವರೂ ಮುದ್ದಿನ ಅಗದ್ರು!

ಅಕ್ಕಾರೆ, ತಂಗ್ಯಾರೆ, ಇಷ್ಟು ಉದ್ದ ಬರದಿದ್ದು ಯಾಕಂದ್ರೆ, ಸ್ನಾನ ಮಾಡೋವಾಗ ಒಂದಿನ ಕೈಯಾಡಿಸಿ ನೋಡ್ಕಳ್ರಿ. ಗಂಟೆಲ್ಲಾ ಕ್ಯಾನ್ಸರ್ ಅಲ್ಲ, ಬಾಳ ಮಂದೀದು ಅಲ್ವೇ ಅಲ್ಲ ಅಂತ ಡಾಕ್ಟ್ರೇ ಹೇಳಿದ್ರು. ಆದ್ರೆ ತೋರಿಸಿದ್ರೆ ತಾನೇ ಗೊತ್ತಾಗೋದು? ರೇಷನ್ ಕಾರ್ಡು, ಆಧಾರು ಎರಡೂ ತಗೊಂಡು ಹೋಗ್ರಿ. ಜೊತಿಗೆ ಯಾರೂ ಇಲ್ಲ ಅಂದ್ರೆ ನನ್ನ ಕರೀರಿ, ದಾವಣಗೆರೆ ಆದ್ರೂ ಸೈ, ಬೆಂಗಳೂರಾದ್ರೂ ಸೈ. ಯಾರ ಸೀಮಂತ ಅಂತ ನಾನು ಕೇಳಲ್ಲ.

ಇವತ್ತು ಶೇಂಗಾ ಹುರಿಯಾಕೆ ಇಟ್ಟೀನಿ. ಲಕ್ಕಸಂದ್ರಕ್ಕೆ ಒಂದು ಡಬ್ಬಿ ಕಳಿಸಬೇಕು.