ಹದಿನಾಲ್ಕು ತಂಡಗಳ ಆಟಗಾರ

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನ ತೋಳೇ ಅವನ ಬಂಡವಾಳ; ತಂಡದ ಒಡೆಯರು ಅದನ್ನು ಕೊಳ್ಳುವರು, ವಿನಿಮಯಮಾಡುವರು, ಬಿಡುವರು. ಎಡ್ವಿನ್ ಜಾಕ್ಸನ್ನನು 2003ರಲ್ಲಿ, ತನ್ನ ಇಪ್ಪತ್ತನೆಯ ಹುಟ್ಟುಹಬ್ಬದಂದೇ ಲಾಸ್ ಏಂಜಲಿಸ್ ತಂಡದ ಪರವಾಗಿ ಕಣಕ್ಕಿಳಿದು, ಪ್ರಖ್ಯಾತನಾದ ರ‍್ಯಾಂಡಿ ಜಾನ್ಸನ್ನನೆದುರು ಗೆದ್ದನು. ಆದರೂ ಅವನಿಗೆ ನೆಲೆ ದೊರೆಯಲಿಲ್ಲ. 2010ರ ಜೂನ್ 25ರಂದು ಅರಿಜೋನಾ ತಂಡದಲ್ಲಿದ್ದು, ತನ್ನನ್ನು ಹಿಂದೆ ಬಿಟ್ಟುಕೊಟ್ಟಿದ್ದ ಟ್ಯಾಂಪಾ ಬೇ ತಂಡಕ್ಕೆ ಒಂದು ಸಫಲವಾದ ಹೊಡೆತವನ್ನೂ ಕೊಡದೆ, 149 ಎಸೆತಗಳಲ್ಲಿ ಪಂದ್ಯವನ್ನು ಮುಗಿಸಿದನು. ತಿಂಗಳೊಂದು ಕಳೆಯುತ್ತಲೇ ಅರಿಜೋನಾದವರೂ ಅವನನ್ನು ಚಿಕಾಗೋವಿಗೆ ಸಾಗಿಸಿದರು.

2019ರಲ್ಲಿ ಟೊರಾಂಟೊ ಅವನ ಹದಿನಾಲ್ಕನೆಯ ತಂಡವಾಯಿತು. ಅದುವರೆಗೆ ಯಾರೂ ಅಷ್ಟು ತಂಡಗಳಲ್ಲಿ ಆಡಿರಲಿಲ್ಲ. ಅವನ ಗೆಲುವು 107, ಸೋಲು 133. ಸೋಲೇ ಹೆಚ್ಚೆಂದು ಲೆಕ್ಕಿಗನು ನುಡಿಯಬಹುದು. ಹದಿಮೂರು ಮನೆಗಳು ಬೀಳ್ಕೊಟ್ಟವನನ್ನು ಹದಿನಾಲ್ಕನೆಯದು ಬಾಗಿಲು ತೆರೆದು ಕರೆಯಿತಲ್ಲವೆ? ಅದನ್ನು ಆ ಲೆಕ್ಕಿಗನು ಯಾವ ಅಂಕಣದಲ್ಲಿ ಬರೆದಾನು?